ಶಾಲು ಹೊದಿಸುವವರಿಗೆ ಒಂದು ಪ್ರಶ್ನೆ

ಬನಶಂಕರಿಯ ಒಂದು ಬಡಾವಣೆಯಲ್ಲಿ ಹೋದ ವರ್ಷ ನಮ್ಮ ಗೆಳೆಯನೊಬ್ಬನಿಗೆ ಸನ್ಮಾನ ಮಾಡಿದರು. ಹುಡುಗನಿಗೆ ಇಪ್ಪತ್ತಮೂರು ವರ್ಷ. ಮನೆಯಲ್ಲಿ ಮೊದಲು ಡಿಗ್ರಿ ಓದಿದವನು. ಅವನವ್ವ ಅದೇ ಬಡಾವಣೆಯ ಬೀದಿ ಗುಡಿಸುವಾಕೆ. ಇವನು ಸಂಜೆ ಕೇರಿಯ ಮಕ್ಕಳಿಗೆ ಪಾಠ ಹೇಳುತ್ತಾನೆ. ಬೆಳಿಗ್ಗೆ ನಾಲ್ಕಾರು ಕಾಲೇಜು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು, 'ಹಸಿ ಕಸ ಒಣ ಕಸ ಬೇರೆ ಮಾಡಿ ಕೊಡಿ ಸಾರ್, ಒಡೆದ ಗಾಜನ್ನ ಪೇಪರಿನಲ್ಲಿ ಸುತ್ತಿಡಿ ಮೇಡಂ' ಅಂತ ಮನೆ ಮನೆ ಬಾಗಿಲು ತಟ್ಟುತ್ತಾನೆ. ಅವನವ್ವನ ಅಂಗೈ ಸೀಳಿದ್ದು ಅಂಥದೇ ಒಂದು ಗಾಜು. ಅದನ್ನು ಅವನು ಯಾವ ಮನೆಯಲ್ಲೂ ಹೇಳುವುದಿಲ್ಲ.

ನಿವಾಸಿಗಳ ಸಂಘದವರು ಹಾಲ್ ಅಲಂಕರಿಸಿದ್ದರು. ಫ್ಲೆಕ್ಸಿನ ಮೇಲೆ ಅವನ ಮುಖ, ಕೆಳಗೆ 'ನಮ್ಮ ನಡುವಿನ ಹೀರೋ' ಅಂತ ದೊಡ್ಡ ಅಕ್ಷರ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಅವನವ್ವನನ್ನೂ ಕರೆದಿದ್ದರು, ಆಕೆ ಕೊನೇ ಸಾಲಿನಲ್ಲಿ, ಕುರ್ಚಿ ಇದ್ದರೂ, ನಿಂತೇ ಇದ್ದಳು. 'ಯುವಕರಿಗೆ ಸ್ಫೂರ್ತಿ ಆಗೋ ಹಾಗೆ ನಾಲ್ಕು ಮಾತಾಡಪ್ಪ' ಅಂತ ಮೈಕು ಕೊಟ್ಟರು. ಅವನು ಅಂದ: 'ನಮ್ಮವ್ವ, ಅವಳ ಜೊತೆಗಾತಿಯರು ಬೆಳಿಗ್ಗೆ ಆರೂವರೆಗೆ ಈ ಬೀದೀಗೆ ಬರ್ತಾರೆ. ಮಧ್ಯಾಹ್ನದ ತನಕ ಇಲ್ಲೇ ಇರ್ತಾರೆ. ಈ ಹಾಲ್ ಹಿಂದೆ ಎರಡು ಕಕ್ಕಸು ಐತೆ. ನೀವು ಬೀಗ ಹಾಕಿರ್ತೀರಿ. ಅದರ ಕೀಲಿ ಅವರಿಗೆ ಕೊಡ್ತೀರಾ?'

ಸಭೆ ಸುಮ್ಮನಾಯಿತು. ಆಮೇಲೆ ಅಧ್ಯಕ್ಷರು ನಗುನಗುತ್ತಾ, 'ಒಳ್ಳೇ ಸಲಹೆ, ಕಮಿಟೀಲಿ ಇಟ್ಟು ನೋಡೋಣ' ಅಂದರು. ವಂದನಾರ್ಪಣೆ ಆಯಿತು. ಕೇಸರಿಬಾತು, ಉಪ್ಪಿಟ್ಟು ಹಂಚಿದರು.

ನಾವು ಆ ಸಂಘದ ಹೆಸರು ಇಲ್ಲಿ ಬರೆಯುತ್ತಿಲ್ಲ. ಅವರಷ್ಟೇ ಮಾಡಿದ ತಪ್ಪಲ್ಲ ಇದು. ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್ ಎಲ್ಲೇ ಹೋಗಿ, ಇಂಥ ಸಭೆ ನಡೆಯುತ್ತದೆ. ಪತ್ರಿಕೆಗಳಲ್ಲಿ ಇಂಥ ಅಂಕಣ ಬರುತ್ತದೆ. ಕವಿತೆ ಬರೆಯುವ, ಕವಿತೆ ಓದಿಸುವ ನಮ್ಮಂಥವರಿಗೆ ಈ ಸಭೆ ಒಂದು ಕೃತಿಯ ಹಾಗೆ ಕಂಡಿತು. ಅದಕ್ಕೂ ಒಬ್ಬ ನಾಯಕ ಇದ್ದಾನೆ, ಕತೆ ಇದೆ, ಓದುಗರಿದ್ದಾರೆ, ಕೊನೆಗೆ ಚಪ್ಪಾಳೆ ಇದೆ. ಹಾಗಿದ್ದ ಮೇಲೆ ಅದನ್ನು ವಿಮರ್ಶೆ ಮಾಡಬಹುದು. ಮಾಡಲೇಬೇಕು. ಯುವ ಹೋರಾಟಗಾರನನ್ನು ಹೀರೋ ಮಾಡುವ ಈ ಕತೆ ಎಲ್ಲಿಂದ ಬಂತು? ಅದು ಯಾರನ್ನು ತೋರಿಸುತ್ತದೆ, ಯಾರನ್ನು ಮುಚ್ಚುತ್ತದೆ?

ಬೇರು ನಮ್ಮ ಸಾಹಿತ್ಯದಲ್ಲೇ ಇದೆ. 1928ರಲ್ಲಿ ಕುವೆಂಪು 'ಜಲಗಾರ' ನಾಟಕ ಬರೆದರು. ಊರೆಲ್ಲ ಶಿವನ ಜಾತ್ರೆಗೆ ಹೊರಟಾಗ ಒಬ್ಬ ಜಲಗಾರ ಬೀದಿ ಗುಡಿಸುತ್ತಾ ನಿಲ್ಲುತ್ತಾನೆ. ಗುಡಿಯ ಬಾಗಿಲು ಅವನಿಗಿಲ್ಲ. ಕೊನೆಗೆ ಶಿವನೇ ಜಲಗಾರನ ವೇಷದಲ್ಲಿ ಅವನ ಬಳಿ ಬರುತ್ತಾನೆ. ಆ ಕಾಲಕ್ಕೆ ಅದು ಎಂಥ ಎದೆಗಾರಿಕೆ ಅನ್ನುವುದನ್ನು ನಾವು ಮರೆಯಬಾರದು. ಗುಡಿಯ ದೇವರನ್ನು ಬೀದಿಗಿಳಿಸಿ, ಪೊರಕೆ ಹಿಡಿದವನ ಪಕ್ಕದಲ್ಲಿ ನಿಲ್ಲಿಸಿದ ನಾಟಕ ಅದು. ಪುರೋಹಿತಶಾಹಿಯ ಎದುರು ಶೂದ್ರನೊಬ್ಬ ಎತ್ತಿದ ಕೈ. ಆದರೆ ನಾಟಕ ಮುಗಿದಾಗ ಪೊರಕೆ ಎಲ್ಲಿತ್ತು? ಅದೇ ಕೈಯಲ್ಲಿತ್ತು. ಜಲಗಾರ ಶಿವನಿಗೆ ಸಮನಾದ. ಮಾರನೇ ಬೆಳಿಗ್ಗೆ ಅವನಿಗೆ ಕೂಲಿ ಎಷ್ಟು ಅನ್ನುವ ಮಾತು ನಾಟಕಕ್ಕೆ ಬೇಕಾಗಲಿಲ್ಲ. ಕುವೆಂಪು ಅವರ ಆಸೆ ಅದಲ್ಲದಿರಬಹುದು. ಅವರ ನಂತರ ಬಂದ ಸಭ್ಯ ಓದುಗರು ಮಾತ್ರ ಅದನ್ನು ಹಾಗೇ ಬಳಸಿಕೊಂಡರು. 'ನೀನು ಮಾಡೋದು ದೇವರ ಕೆಲಸ ಕಣಯ್ಯ' ಅಂತ ಪೊರಕೆ ಹಿಡಿದವನಿಗೆ ಹೇಳುವುದು ಕೈಗವಸು ಕೊಡುವುದಕ್ಕಿಂತ ಅಗ್ಗ.

1933ರಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಬಂತು. ಚೋಮನಿಗೆ ಒಂದು ತುಂಡು ಭೂಮಿ ಉಳಬೇಕೆಂಬ ಆಸೆ. ಹೊಲೆಯ ಅನ್ನುವ ಕಾರಣಕ್ಕೆ ಅದು ಸಿಗುವುದಿಲ್ಲ. ದುಡಿ ಬಾರಿಸುತ್ತಾ ಸಾಯುತ್ತಾನೆ. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದಾಗ ನಾಡಿಗೆ ನಾಡೇ ಕಣ್ಣೀರು ಹಾಕಿತು. ನಾವೂ ಹಾಕಿದ್ದೇವೆ. ಆದರೂ ಕೇಳಬೇಕು: ಚೋಮನ ಸುತ್ತ ಇನ್ಯಾರೂ ಚೋಮರಿರಲಿಲ್ಲವೇ? ಆ ಧಣಿಯ ಬಳಿ ಭೂಮಿ ಕೇಳಬೇಕಾದವನು ಅವನೊಬ್ಬನೇನಾ? ಕಾದಂಬರಿ ಅವನನ್ನು ಒಂಟಿ ಮಾಡಿತು. ಒಂಟಿಯಾದವನು ಓದುಗನ ಕಣ್ಣಲ್ಲಿ ದೊಡ್ಡವನಾಗುತ್ತಾನೆ, ಧಣಿಯ ಕಣ್ಣಲ್ಲಿ ಸಣ್ಣವನಾಗುತ್ತಾನೆ. ಇದು ನಾಯಕತ್ವದ ಕತೆಗಳು ಆಡುವ ಆಟ.

ನವ್ಯದವರು ಇನ್ನೊಂದು ತರದ ನಾಯಕನನ್ನು ತಂದರು. 1965ರ 'ಸಂಸ್ಕಾರ'ವನ್ನೇ ತಗೊಳ್ಳಿ. ನಾರಣಪ್ಪ ಸತ್ತಿದ್ದಾನೆ. ಹೆಣ ಕೊಳೆಯುತ್ತಿದೆ. ಸಂಸ್ಕಾರ ಯಾರು ಮಾಡಬೇಕೆಂದು ಅಗ್ರಹಾರ ಶಾಸ್ತ್ರ ನೋಡುತ್ತಿದೆ. ಪ್ರಾಣೇಶಾಚಾರ್ಯರ ಒಳತೋಟಿಯ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಪ್ರಬಂಧ ಬಂದಿವೆಯೋ ಲೆಕ್ಕವಿಲ್ಲ. ಹೆಣವನ್ನು ಸುಟ್ಟವರು ಯಾರು? ಚಂದ್ರಿ ಕತ್ತಲಲ್ಲಿ ಹೋಗಿ ಕರೆದಾಗ ಗಾಡಿ ಕಟ್ಟಿಕೊಂಡು ಬಂದವನು ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ. ಹೆಣ ಹೊತ್ತ, ಸುಟ್ಟ, ಹೋದ. ಕಾದಂಬರಿಯಲ್ಲಿ ಅವನಿಗೆ ಸಿಕ್ಕಿದ್ದು ಅಷ್ಟೇ ಜಾಗ. ಯೋಚನೆ ಮಾಡಿದವನಿಗೆ ಇಡೀ ಪುಸ್ತಕ, ಕೆಲಸ ಮಾಡಿದವನಿಗೆ ಒಂದು ರಾತ್ರಿ. ಎಂ.ಎ. ತರಗತಿಯಲ್ಲಿ ಕೂತಿದ್ದಾಗ ನಾವು ಈ ಪ್ರಶ್ನೆ ಕೇಳಿದೆವು. ಮೇಷ್ಟ್ರು, 'ಅದು ಕಾದಂಬರಿಯ ಕೇಂದ್ರವಲ್ಲ' ಅಂದರು. ಹೌದು ಸಾರ್, ಅದೇ ನಮ್ಮ ತಕರಾರು.

ದಲಿತ ಸಾಹಿತ್ಯ ಬಂದ ಮೇಲೆ ಈ ಕೇಂದ್ರ ಅಲುಗಿತು. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಎತ್ತಪ್ಪನ ಕಡೆಯಿಂದ ಬಂದ ಕಡಲೆಕಾಯನ್ನು ಸಾಕವ್ವನ ಮನೆ ಮಂದಿಯೆಲ್ಲ ಕೂತು ರಾತ್ರಿಯೆಲ್ಲ ತಿನ್ನುತ್ತಾರೆ. ಹುಡುಕಿಕೊಂಡು ಬರುವ ಪೊಲೀಸರ ಕೈಗೆ ಸಾಕ್ಷಿ ಸಿಗಬಾರದು. ಅಲ್ಲಿ ಹೀರೋ ಯಾರು? ಒಬ್ಬರೂ ಇಲ್ಲ. ಮುದುಕಿ, ಸೊಸೆ, ಮಕ್ಕಳು, ಮೊಮ್ಮಕ್ಕಳು, ಒಂದು ಒಲೆ. ಹಸಿವೂ ಅವರದೇ, ಉಪಾಯವೂ ಅವರದೇ. ಒಬ್ಬನನ್ನು ಎತ್ತಿ ನಿಲ್ಲಿಸದೆ ಮನೆಗೆ ಮನೆಯನ್ನೇ ನಿಲ್ಲಿಸುವ ಈ ದಾರಿ ನಮಗೆ ಸಿಕ್ಕ ದೊಡ್ಡ ಪಾಠ. ಅದನ್ನು ನಾವು ಬೇಗ ಮರೆತೆವು.

ಈಗ ಪುಸ್ತಕದಿಂದ ಎದ್ದು ಕೋಲಾರದ ಕಡೆ ಹೋಗೋಣ. ಕೆ.ಜಿ.ಎಫ್ ಅಂದ ಕೂಡಲೇ ಇವತ್ತಿನ ವಿದ್ಯಾರ್ಥಿಗಳಿಗೆ ನೆನಪಾಗುವುದು 2018ರಲ್ಲಿ, 2022ರಲ್ಲಿ ಎರಡು ಭಾಗವಾಗಿ ಬಂದ ಸಿನಿಮಾ. ಸುತ್ತಿಗೆ ಹಿಡಿದ, ಬಂದೂಕು ಹಿಡಿದ ಒಬ್ಬನೇ ಒಬ್ಬ ನಾಯಕ ಸಾವಿರಾರು ಕೂಲಿಗಳನ್ನು ಬಿಡಿಸುತ್ತಾನೆ. ಕೂಲಿಗಳು ಕೈ ಎತ್ತಿ ಕೂಗುವುದಷ್ಟೇ. ನಿಜವಾದ ಕೆ.ಜಿ.ಎಫ್‌ನಲ್ಲಿ ನಿಜವಾಗಿ ಹುಟ್ಟಿದ ಒಬ್ಬ ಹುಡುಗನ ಹೆಸರು ನಮ್ಮ ಎಷ್ಟು ಕಾಲೇಜುಗಳಲ್ಲಿ ಗೊತ್ತು?

ಬೆಜವಾಡ ವಿಲ್ಸನ್ ಹುಟ್ಟಿದ್ದು 1966ರಲ್ಲಿ. ಗಣಿ ಕಾಲೊನಿಗಳಲ್ಲಿ ಒಣ ಪಾಯಿಖಾನೆಗಳಿದ್ದವು. ಅವುಗಳ ಮಲವನ್ನು ಕೈಯಲ್ಲಿ ಬಳಿದು ಬಕೆಟ್ಟಿಗೆ ತುಂಬಿ ಹೊರುತ್ತಿದ್ದವರು ಅವರ ಮನೆಯವರು, ಅವರ ಕೇರಿಯವರು. ಸ್ಕೂಲಿನಲ್ಲಿ ಮಕ್ಕಳು ಹಂಗಿಸುತ್ತಿದ್ದರು. ಮನೆಯಲ್ಲಿ ಕೇಳಿದರೆ ಹೆತ್ತವರು ಕೆಲಸದ ನಿಜ ಹೇಳದೆ ಮಾತು ಮರೆಸುತ್ತಿದ್ದರು. ಬೆಳೆದ ಮೇಲೆ ಕಣ್ಣಾರೆ ಕಂಡಾಗ ಹುಡುಗ ಅತ್ತ. 'ಈ ಕೆಲಸ ಬಿಡಿ' ಅಂತ ಗೋಗರೆದ. 'ಬಿಟ್ಟು ಏನು ತಿನ್ನೋದು?' ಅಂತ ಅವರು ಕೇಳಿದರು. ಇಲ್ಲಿಗೆ ನಮ್ಮ ಸಿನಿಮಾದವರು ನಿಲ್ಲಿಸಿದ್ದರೆ ಹುಡುಗ ಬಕೆಟ್ಟನ್ನು ಒದ್ದು, ಗಣಿ ಮ್ಯಾನೇಜರನ ಕೊರಳಪಟ್ಟಿ ಹಿಡಿಯುತ್ತಿದ್ದ.

ವಿಲ್ಸನ್ ಮಾಡಿದ್ದು ಬೇರೆ. ಕಾಗದ ಬರೆದರು. 1986ರಿಂದ ಗಣಿಯ ಆಡಳಿತಕ್ಕೆ, ಮುಖ್ಯಮಂತ್ರಿಗೆ, ಪ್ರಧಾನಮಂತ್ರಿಗೆ, ಪತ್ರಿಕೆಗಳಿಗೆ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1993ರಲ್ಲಿ ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು ಬಂತು. ಕಾನೂನು ಬಂದರೂ ಬಕೆಟ್ಟು ಇಳಿಯಲಿಲ್ಲ. ಆಗ ಪಾಯಿಖಾನೆಗಳ ಫೋಟೋ ತೆಗೆದರು, ಕಾನೂನು ಮುರಿದಿದ್ದೀರಿ ಎಂದು ಎಚ್ಚರಿಸಿದರು. ಚಿತ್ರಗಳ ಸಮೇತ ಡೆಕ್ಕನ್ ಹೆರಾಲ್ಡ್‌ನಲ್ಲಿ ವರದಿ ಬಂತು. ಆಡಳಿತ ಬಗ್ಗಿತು. ಒಣ ಪಾಯಿಖಾನೆಗಳನ್ನು ನೀರಿನ ಪಾಯಿಖಾನೆಗಳಾಗಿ ಬದಲಾಯಿಸಲು, ಆ ಕೆಲಸದವರಿಗೆ ಬೇರೆ ಕೆಲಸ ಕೊಡಲು ಒಪ್ಪಿತು. ಎಸ್.ಆರ್. ಶಂಕರನ್, ಪಾಲ್ ದಿವಾಕರ್ ಅವರ ಜೊತೆ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಈಚೆಗೆ ಮ್ಯಾನ್‌ಹೋಲಿನಲ್ಲಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಸತ್ತ ಪ್ರತಿಯೊಬ್ಬರ ಮನೆಗೂ 10 ಲಕ್ಷ ರೂಪಾಯಿ ಪರಿಹಾರ. 2023ರ ಅಕ್ಟೋಬರಿನಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಮೇಲೆ ನಮ್ಮವರು ಅವರನ್ನು ಹೀರೋ ಅಂದರು.

ಓದುಗರು ಗಮನಿಸಬೇಕು. 1986ರಿಂದ 2014ಕ್ಕೆ ಇಪ್ಪತ್ತೆಂಟು ವರ್ಷ. ಇಪ್ಪತ್ತರ ಹುಡುಗ ಐವತ್ತರ ಹತ್ತಿರ ಬಂದಿದ್ದ. ಆ ಇಪ್ಪತ್ತೆಂಟು ವರ್ಷದ ಕೆಲಸ ಏನು? ಎಲ್ಲಿ ಎಷ್ಟು ಪಾಯಿಖಾನೆ ಇವೆ ಅಂತ ಎಣಿಸುವುದು. ಯಾರು ಬಳಿಯುತ್ತಾರೆ ಅಂತ ಹೆಸರು ಬರೆದುಕೊಳ್ಳುವುದು. ಯಾರು ಸತ್ತರು ಅಂತ ಪಟ್ಟಿ ಮಾಡುವುದು. 'ಇಲ್ಲಿ ಅಂಥದ್ದೇನೂ ಇಲ್ಲ' ಅನ್ನುವ ಅಧಿಕಾರಿಯ ಮೇಜಿನ ಮೇಲೆ ಆ ಪಟ್ಟಿ ಇಡುವುದು. ಇದರಲ್ಲಿ ಹಿನ್ನೆಲೆ ಸಂಗೀತ ಇಲ್ಲ. ಕವಿಗಳಾದ ನಮಗೆ ಇಂಥ ಕೆಲಸದ ಮೇಲೆ ಪದ್ಯ ಕಟ್ಟಲು ಬರುವುದಿಲ್ಲ. ಬೆಂಕಿ, ಕತ್ತಿ, ಕೆಂಪು ಸೂರ್ಯ ಬಂದರೆ ಸಲೀಸು. ಪಟ್ಟಿ ಬಂದರೆ ಪೆನ್ನು ನಿಲ್ಲುತ್ತದೆ.

ವಿಲ್ಸನ್‌ಗಿಂತ ಮುಂಚೆಯೂ ಈ ನೆಲದಲ್ಲಿ ಒಬ್ಬರು ಬಕೆಟ್ಟು ಇಳಿಸಲು ಹೊರಟಿದ್ದರು. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಊರೂರಲ್ಲಿ ಗಲಾಟೆಯಾಗಿ ಮಂತ್ರಿಗಿರಿ ಹೋಯಿತು. ಬೂಸಾ ಮಾತು ಎಲ್ಲರಿಗೂ ನೆನಪಿದೆ, ಮಲದ ಬಕೆಟ್ಟಿನ ಆದೇಶ ಯಾರಿಗೂ ನೆನಪಿಲ್ಲ. ಸಾಹಿತ್ಯಕ್ಕೆ ಅವಮಾನ ಆಯಿತು ಅಂತ ಬೀದಿಗಿಳಿದವರಲ್ಲಿ ಎಷ್ಟು ಮಂದಿ ಆ ಬಕೆಟ್ಟಿನ ಅವಮಾನಕ್ಕೆ ಬೀದಿಗಿಳಿದಿದ್ದರು? ಆ ಗಲಾಟೆಯಲ್ಲಿ ಪೆಟ್ಟು ತಿಂದ ದಲಿತ ವಿದ್ಯಾರ್ಥಿಗಳಿಂದಲೇ ಮುಂದೆ ಚಳವಳಿ ಬಲಿಯಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ನಮ್ಮ ಸಾಹಿತ್ಯದ ಹುಟ್ಟಿನಲ್ಲೇ ಬಕೆಟ್ಟಿನ ಮಾತಿದೆ. ಅದನ್ನು ನಾವೇ ಮರೆತರೆ ಹೇಗೆ?

ಇನ್ನು ಜಯನಗರಕ್ಕೆ ವಾಪಸು ಬರೋಣ. 1948ರಲ್ಲಿ ಯೋಜನೆ ಹಾಕಿ ಕಟ್ಟಲು ತೊಡಗಿದ ಬಡಾವಣೆ ಇದು. ಅಗಲ ರಸ್ತೆ, ಸಾಲು ಮರ, ಬ್ಲಾಕಿಗೊಂದು ಪಾರ್ಕು. ಈ ಯೋಜನೆಯಲ್ಲಿ ಕಸ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರ ಇರಲಿಲ್ಲ. ಉತ್ತರ ಬಹಳ ಕಾಲ ಊರಾಚೆ ಇತ್ತು. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಯಿತು, ಮಂಡೂರಿಗೆ ಹೋಯಿತು. ಅಲ್ಲಿನ ಹಳ್ಳಿಯವರು ರಸ್ತೆಗೆ ಅಡ್ಡ ನಿಂತು ಹೋರಾಡಿದ ಮೇಲೆ, 2014ರ ಕೊನೆಗೆ ಮಂಡೂರಿಗೆ ಲಾರಿಗಳು ನಿಂತವು. ಅಲ್ಲಿಯವರೆಗೆ ಜಯನಗರದವರಿಗೆ ತಮ್ಮ ಕಸದ ನಾತ ಗೊತ್ತಿರಲಿಲ್ಲ. ಗೊತ್ತಿದ್ದವರು ಚಿಂದಿ ಆಯುವವರು. ಹೆಗಲಿಗೆ ಗೋಣಿಚೀಲ, ಬೆಳಗಿನ ಜಾವಕ್ಕೆ ಬೀದಿ ಮೂಲೆ, ಮಧ್ಯಾಹ್ನ ಗುಜರಿ ಅಂಗಡಿ. ನಾಯಿ ಬೊಗಳಿದರೂ ಕಳ್ಳ, ಮನೆಯಲ್ಲಿ ಚೊಂಬು ಕಾಣದಿದ್ದರೂ ಕಳ್ಳ.

2011ರಲ್ಲಿ ಆಗಿನ ಬಿಬಿಎಂಪಿ ಈ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು. ಅವರಾಗೇ ಕೊಟ್ಟದ್ದಲ್ಲ, ಸಂಘಟಿತರಾಗಿ ಕೇಳಿ ಪಡೆದದ್ದು. ಚೀಟಿಯಲ್ಲಿ ಹೆಸರು, ಫೋಟೋ, ಪಾಲಿಕೆಯ ಮುದ್ರೆ. ಅಂಗೈಯಗಲದ ಕಾರ್ಡು. ಪೊಲೀಸಿನವನು ನಿಲ್ಲಿಸಿದಾಗ ತೋರಿಸಲು ಒಂದು ಕಾಗದ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ, ಜೇಬಲ್ಲಿ ಯಾವಾಗಲೂ ಕಾರ್ಡು ಇಟ್ಟುಕೊಂಡವರಿಗೆ ಅರ್ಥವಾಗುವುದಿಲ್ಲ. ಮುಂದೆ 2016ರ ಘನತ್ಯಾಜ್ಯ ನಿಯಮಗಳಲ್ಲಿ ಇಡೀ ದೇಶಕ್ಕೇ ಚಿಂದಿ ಆಯುವವರ ಹೆಸರು ಸೇರಿತು.

ಹಸಿರು ದಳ ಎಂಬ ಸಂಘಟನೆಯ ಜೊತೆ ಬೆಳೆದ ಮನ್ಸೂರ್ ಅನ್ನುವವರು ಚಿಂದಿ ಆಯುತ್ತಿದ್ದವರೇ. ಜಯನಗರದ ಒಂದು ಒಣ ಕಸ ಸಂಗ್ರಹ ಕೇಂದ್ರವನ್ನು ನಡೆಸುವವರಾದರು. 2015ರ ಕೊನೆಗೆ ಪ್ಯಾರಿಸ್‌ನಲ್ಲಿ ಜಗತ್ತಿನ ರಾಜ್ಯಗಳೆಲ್ಲ ಸೇರಿದ ಹವಾಮಾನ ಸಮ್ಮೇಳನಕ್ಕೆ ಚಿಂದಿ ಆಯುವವರ ಪರವಾಗಿ ಹೋದರು. ಕಾಗದ, ಪ್ಲಾಸ್ಟಿಕ್ಕು, ತಗಡು ಆಯ್ದು ಮರುಬಳಕೆಗೆ ಕಳಿಸಿದಷ್ಟೂ ಸುಡುವುದು, ಹೂಳುವುದು ಕಡಿಮೆ. ಹೊಗೆಯ ಲೆಕ್ಕ ಹಾಕುವ ದೊಡ್ಡವರ ಮುಂದೆ ಈ ಸಣ್ಣ ಲೆಕ್ಕ ಇಡಬೇಕಿತ್ತು. ಪತ್ರಿಕೆಗಳು 'ಚಿಂದಿ ಆಯುತ್ತಿದ್ದವ ಪ್ಯಾರಿಸ್‌ಗೆ' ಅಂತ ಬರೆದವು. ಓದಿ ನಮಗೂ ಎದೆ ಉಬ್ಬಿತು. ಆಮೇಲೆ ಯೋಚಿಸಿದೆವು. ಸುದ್ದಿಯಾದದ್ದು ವಿಮಾನ. ಆ ಕೇಂದ್ರದಲ್ಲಿ ಹಾಲಿನ ಪ್ಯಾಕೆಟ್ಟು ಬೇರೆ, ರಟ್ಟು ಬೇರೆ ಅಂತ ಕೂತು ಬೇರ್ಪಡಿಸುವ ಕೈಗಳು ಸುದ್ದಿಯಾಗಲಿಲ್ಲ. ಚೀಟಿ ಪಡೆದ ಸಾವಿರಾರು ಜನ ಸುದ್ದಿಯಾಗಲಿಲ್ಲ. 'ಸಂಸ್ಕಾರ'ದ ಅಹಮದ್ ಬ್ಯಾರಿ ಒಂದು ರಾತ್ರಿಗೆ ಬಂದು ಹೋದ ಹಾಗೆ, ಮನ್ಸೂರ್ ಕೂಡ ಪತ್ರಿಕೆಯಲ್ಲಿ ಒಂದು ದಿನಕ್ಕೆ ಬಂದು ಹೋದರು. ಹೆಣ ಎತ್ತುವವನೂ ಕಸ ಎತ್ತುವವನೂ ನಮ್ಮ ಬರವಣಿಗೆಯಲ್ಲಿ ಅತಿಥಿಗಳು. ಕೆಲಸ ಮಾತ್ರ ದಿನಾ ಅವರದೇ.

ಹೊಗಳಿಕೆಗೆ ಇನ್ನೊಂದು ಮುಖವೂ ಇದೆ. ಯುವ ಹೋರಾಟಗಾರರು ಗಿಡ ನೆಟ್ಟರೆ, ಕಸ ಆಯ್ದರೆ ಹೀರೋ. ಪ್ರಶ್ನೆ ಕೇಳಿದರೆ? 2021ರ ಫೆಬ್ರವರಿ 13ರಂದು ಬೆಂಗಳೂರಿನ ಹುಡುಗಿ, ಹವಾಮಾನ ಹೋರಾಟಗಾರ್ತಿ ದಿಶಾ ರವಿಯನ್ನು ದೆಹಲಿ ಪೊಲೀಸರು ಬಂಧಿಸಿ ಕರೆದುಕೊಂಡು ಹೋದರು. ರೈತರ ಹೋರಾಟಕ್ಕೆ ಬೆಂಬಲದ ಒಂದು ಕಾಗದವನ್ನು ಹಂಚಿದಳು ಅನ್ನುವ ಆರೋಪ, ರಾಜದ್ರೋಹದ ಕಲಂ. ಹತ್ತು ದಿನದ ಮೇಲೆ, ಫೆಬ್ರವರಿ 23ರಂದು, ದೆಹಲಿಯ ಕೋರ್ಟು ಜಾಮೀನು ಕೊಟ್ಟಿತು. ಆ ಹತ್ತು ದಿನ ಒಂದು ಕಡೆಯವರಿಗೆ ಅವಳು ದೇಶದ್ರೋಹಿ, ಇನ್ನೊಂದು ಕಡೆಯವರಿಗೆ ವೀರವನಿತೆ. ಇಪ್ಪತ್ತೆರಡರ ಆಸುಪಾಸಿನ ಒಬ್ಬ ಹುಡುಗಿ, ಹೆದರಿಕೆಯೂ ಇರುವ, ತಪ್ಪೂ ಮಾಡಬಹುದಾದ, ಕೆಲಸ ಮಾಡಿ ಮನೆ ನಡೆಸುವ ಒಬ್ಬ ಮನುಷ್ಯಳು ಅನ್ನುವುದಕ್ಕೆ ಎರಡೂ ಕಡೆ ಜಾಗ ಇರಲಿಲ್ಲ. ಪೀಠಕ್ಕೆ ಏರಿಸಲು ಬೇಕಾದದ್ದೂ ಒಬ್ಬರೇ, ಜೈಲಿಗೆ ಹಾಕಲು ಬೇಕಾದದ್ದೂ ಒಬ್ಬರೇ. ಒಂಟಿ ಮಾಡುವ ಕೆಲಸ ಎರಡೂ ಕಡೆ ಒಂದೇ. ಇನ್ನೂ ಒಂದು ಮಾತು ಹೇಳಿಬಿಡೋಣ: ಅವಳಿಗಾಗಿ ಮಾತಾಡಲು ನಗರದಲ್ಲಿ ಇಂಗ್ಲಿಷ್ ಬಲ್ಲ ಸಾವಿರ ಬಾಯಿ ಇತ್ತು. ಅದು ಒಳ್ಳೆಯದೇ. ಕೇರಿಯ ಹುಡುಗನನ್ನು ಸ್ಟೇಷನ್ನಿಗೆ ಕರೆದೊಯ್ದಾಗ ಆ ಬಾಯಿಗಳಲ್ಲಿ ಎಷ್ಟು ತೆರೆಯುತ್ತವೆ?

ಬೇರೆಯವರನ್ನು ಬೈದದ್ದಾಯಿತು. ಈಗ ನಮ್ಮ ಬೆನ್ನು ನಾವೇ ನೋಡಿಕೊಳ್ಳೋಣ. ನಮ್ಮ ಬಂಡಾಯ ಕವಿತೆಗಳಲ್ಲಿ ಹೋರಾಟಗಾರ ಅಂದರೆ ಯಾರು? ಗಂಡಸು. ಮುಷ್ಟಿ ಬಿಗಿದಿದ್ದಾನೆ, ಕಣ್ಣಲ್ಲಿ ಕೆಂಡ. ಅವನ ಹಿಂದೆ ಜನಸಾಗರ. ಸಾಗರಕ್ಕೆ ಮುಖ ಇಲ್ಲ. ಇದೇ ಪತ್ರಿಕೆಯ ಹಳೇ ಸಂಚಿಕೆ ತೆಗೆದು ನೋಡಿದರೆ ನಮ್ಮದೇ ಎರಡು ಪದ್ಯ ಹಾಗಿವೆ. ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಬಹುಪಾಲು ಹೆಂಗಸರು, ಬಹುಪಾಲು ದಲಿತರು. ತೆಲುಗು, ತಮಿಳು, ಕನ್ನಡ ಮೂರೂ ಕಲೆಸಿ ಮಾತಾಡುವವರು. ಅವರು ನಮ್ಮ ಪದ್ಯದಲ್ಲಿ ಬಂದರೆ 'ತಾಯಿ' ಆಗಿ ಬರುತ್ತಾರೆ, ಹಸಿದ ಹೊಟ್ಟೆಯಾಗಿ ಬರುತ್ತಾರೆ. ಮೇಸ್ತ್ರಿಯ ಜೊತೆ ಜಗಳ ಆಡುವವರಾಗಿ, ಸಂಬಳದ ಚೀಟಿ ಓದಿಸಿಕೊಂಡು ಲೆಕ್ಕ ಕೇಳುವವರಾಗಿ ಬರುವುದಿಲ್ಲ.

ಬೀದಿಯಲ್ಲಿ ನಡೆದದ್ದು ಬೇರೆ. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಫ್ರೀಡಂ ಪಾರ್ಕಿನಲ್ಲಿ ಕೂತರು. ಕೆಲಸ ಕಾಯಂ ಮಾಡಿ ಅನ್ನುವುದು ಕೇಳಿಕೆ. ನಾಲ್ಕು ದಿನ ಊರಿನ ಕಸ ಬೀದಿಯಲ್ಲೇ ಉಳಿಯಿತು. ಜಯನಗರದಲ್ಲೂ ಉಳಿಯಿತು, ಜೆ.ಪಿ. ನಗರದಲ್ಲೂ ಉಳಿಯಿತು. ವರ್ಷಗಟ್ಟಲೆ ಮೂಗು ಮುಚ್ಚಿಕೊಂಡು ದಾಟಿದವರಿಗೆ ಆಗ ಮೊದಲ ಸಲ ಅವರು ಕಂಡರು, ಇಲ್ಲದಿದ್ದಾಗ ಕಂಡರು. ಸರಕಾರ ಒಪ್ಪಿತು, ಅದೇ ವರ್ಷ 11,133 ಮಂದಿಯನ್ನು ಕಾಯಂ ಮಾಡುವ ತೀರ್ಮಾನ ಆಯಿತು. ಕೊನೆಗೆ 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಕೊಟ್ಟರು. ಆ ಪತ್ರಗಳ ಮೇಲೆ ಒಬ್ಬೊಬ್ಬರ ಹೆಸರಿತ್ತು. ಒಂದಕ್ಷರವನ್ನೂ ಓದಲು ಬಾರದ ಅಕ್ಕಂದಿರು ತಮ್ಮ ಹೆಸರು ಎಲ್ಲಿದೆ ಅಂತ ಮಕ್ಕಳ ಕೈಯಲ್ಲಿ ತೋರಿಸಿಕೊಂಡರು. ನಮ್ಮ ಕೇರಿಯಲ್ಲಿ ನಾವೇ ಮೂವರಿಗೆ ಓದಿ ತೋರಿಸಿದೆವು. ಕನ್ನಡದಲ್ಲಿ ಎಂ.ಎ. ಮಾಡಿದ್ದಕ್ಕೆ ಅಂದು ಒಂದು ಉಪಯೋಗ ಸಿಕ್ಕಿತು.

ಇದರಿಂದ ಎಲ್ಲ ಸರಿಯಾಯಿತು ಅನ್ನುವ ಮೋಸ ಬೇಡ. ಕಾಯಂ ಆದವರು ಬೀದಿ ಗುಡಿಸುವವರು. ಮನೆ ಬಾಗಿಲಿಗೆ ಬರುವ ಆಟೋ ಟಿಪ್ಪರಿನ ಚಾಲಕರು, ಸಹಾಯಕರು, ಲಾರಿಗೆ ಕಸ ತುಂಬುವವರು ಆ ಲೆಕ್ಕದಲ್ಲಿ ಬರಲಿಲ್ಲ. ಕಕ್ಕಸಿಗೆ ಬೀಗ ಇದ್ದೇ ಇದೆ. ಆದರೆ ಒಂದು ಮಾತು ಸಾಬೀತಾಯಿತು. ಸಾವಿರಾರು ಹೆಸರುಗಳು ಕಾಗದದ ಮೇಲೆ ಬಂದದ್ದು ಯಾರೋ ಒಬ್ಬನ ಶೌರ್ಯದಿಂದ ಅಲ್ಲ. ಅದರ ಹಿಂದೆ ವಾರ್ಡು ವಾರ್ಡಿಗೆ ಹೋಗಿ, ಮಸ್ಟರಿಂಗ್ ಹೊತ್ತಿಗೆ ನಿಂತು, ಯಾರಿಗೆ ಯಾವ ತಿಂಗಳ ಸಂಬಳ ಬಂದಿಲ್ಲ ಅಂತ ಬರೆದುಕೊಂಡ ಹುಡುಗ ಹುಡುಗಿಯರಿದ್ದರು. ಅವರಲ್ಲಿ ವಕೀಲಿ ಓದುತ್ತಿದ್ದವರಿದ್ದರು, ಪೌರಕಾರ್ಮಿಕರ ಮಕ್ಕಳೇ ಇದ್ದರು. ಅವರನ್ನು ಹೀರೋ ಅನ್ನಬೇಕೇ? ಅನ್ನಿ, ನಮ್ಮ ಅಡ್ಡಿಯಿಲ್ಲ. ಆದರೆ ಆ ಪದವನ್ನು ಅವರ ಪುಸ್ತಕದ ಪಟ್ಟಿಯಿಂದ ಅಳೆಯಿರಿ, ಅವರ ಕೊರಳಿನ ಹಾರದಿಂದ ಅಳೆಯಬೇಡಿ.

ವಿಮರ್ಶೆಗೆ ಒಂದು ಅಳತೆಗೋಲು ಬೇಕು ಅನ್ನುತ್ತಾರೆ. ನಮ್ಮ ಅಳತೆಗೋಲು ಇದು. ಹೋರಾಟಗಾರನೊಬ್ಬನ ಬಗ್ಗೆ ಪದ್ಯ, ಕತೆ, ಲೇಖನ, ಭಾಷಣ, ಸಿನಿಮಾ ಏನೇ ಬರಲಿ, ಮೂರು ಪ್ರಶ್ನೆ ಕೇಳೋಣ. ಅವನ ಪಕ್ಕದಲ್ಲಿ ಇನ್ನೂ ಎಷ್ಟು ಮಂದಿಗೆ ಹೆಸರಿದೆ? ಅವನು ಕೇಳಿದ ಪ್ರಶ್ನೆಯನ್ನು ಕೃತಿ ಉಳಿಸಿಕೊಂಡಿದೆಯೋ, ಚಪ್ಪಾಳೆಯಲ್ಲಿ ಮುಳುಗಿಸಿದೆಯೋ? ಅವನು ನಾಳೆ ಜ್ವರ ಬಂದು ಮಲಗಿದರೆ ಕೆಲಸ ನಡೆಯುತ್ತದೆಯೋ, ನಿಲ್ಲುತ್ತದೆಯೋ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಬ್ಬನೇ ಹೊತ್ತ ಕೆಲಸ ಅವನ ಜೊತೆಗೇ ಬೀಳುತ್ತದೆ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಕೇಳಿಕೆ. ಮಕ್ಕಳ ಕೈಲಿ 'ನನ್ನ ಮೆಚ್ಚಿನ ನಾಯಕ' ಅಂತ ಪ್ರಬಂಧ ಬರೆಸುತ್ತೀರಿ. ಒಂದು ಸಲ ಅದನ್ನು ಬಿಟ್ಟು, ನಿಮ್ಮ ಶಾಲೆಯ ಕಕ್ಕಸು ಯಾರು ತೊಳೆಯುತ್ತಾರೆ, ಅವರ ಹೆಸರೇನು, ಅವರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ ಅಂತ ಕೇಳಿ ಬರೆಸಿ. ತೊಳೆಯುವವರು ಒಂದು ಜಾತಿಯ ಮಕ್ಕಳೇ ಆಗಿದ್ದರೆ, ಅದನ್ನೂ ಬರೆಸಿ. ಆ ಪ್ರಬಂಧಗಳನ್ನು ಈ ಪತ್ರಿಕೆಗೆ ಕಳಿಸಿ. ಒಳ್ಳೆಯ ಪದ್ಯಕ್ಕಿಂತ ಮೊದಲು ಅವನ್ನು ಅಚ್ಚು ಹಾಕಿ ಅಂತ ಸಂಪಾದಕರನ್ನು ನಾವು ಕೇಳಿಕೊಳ್ಳುತ್ತೇವೆ.

ಬನಶಂಕರಿಯ ಕೀಲಿಯ ಕತೆ ಮುಗಿಸಬೇಕು. ಕಮಿಟಿ ಎರಡು ತಿಂಗಳು 'ನೋಡಿತು'. ನಮ್ಮ ಗೆಳೆಯ ಮತ್ತೆ ಹೋಗಿ ಕೇಳುತ್ತೇನೆ ಅಂದ. ಅವನವ್ವ ಬೇಡ ಅಂದಳು. 'ನೀನೊಬ್ಬ ಹೋದ್ರೆ ಇನ್ನೊಂದು ಶಾಲು ಹೊದಿಸಿ ಕಳಿಸ್ತಾರೆ ಕಣೋ' ಅಂದಳು. ಒಂದು ಬೆಳಿಗ್ಗೆ ಕೆಲಸ ಮುಗಿದ ಮೇಲೆ ಹನ್ನೊಂದು ಹೆಂಗಸರು ಅಧ್ಯಕ್ಷರ ಮನೆ ಗೇಟಿಗೆ ಹೋಗಿ ನಿಂತರು. ಜಗಳ ಇಲ್ಲ, ಘೋಷಣೆ ಇಲ್ಲ. ಕೀಲಿ ಕೇಳಿದರು. ಕೀಲಿ ಸಿಕ್ಕಿತು. ಭಾನುವಾರ ಹಾಲಿನಲ್ಲಿ ಕಾರ್ಯಕ್ರಮ ಇದ್ದರೆ ಮಾತ್ರ ಇಲ್ಲವಂತೆ. ಅದರ ಮೇಲೆ ಇನ್ನೂ ಮಾತುಕತೆ ನಡೆಯುತ್ತಿದೆ.

ಅಂದು ಫೋಟೋ ತೆಗೆಯಲು ಯಾರೂ ಬಂದಿರಲಿಲ್ಲ. ನಮ್ಮ ಗೆಳೆಯ ಆ ಹನ್ನೊಂದು ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಸನ್ಮಾನದ ಶಾಲನ್ನು ಅವನವ್ವ ಚಳಿಗಾಲದ ಬೆಳಗಿನಲ್ಲಿ ತಲೆಗೆ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಬೆಚ್ಚಗಿದೆ ಅಂತಾಳೆ.